ತೋಂಟೇಶನಿಗೆ ಹಾಡು ಕೂಡಿಸಿದ್ದು

ಮಲಪ್ರಭೆಯ ದಂಡೆಗೆ ಒಂದು ಮಠವಿತ್ತು. ಮಠ ಎಂದ ಕೂಡಲೇ ದೊಡ್ಡ ಕಮಾನು, ಆನೆ, ಇಂಜಿನಿಯರಿಂಗ್ ಕಾಲೇಜು ಅಂತೆಲ್ಲ ಲೆಕ್ಕ ಹಾಕಬೇಡಿ. ಎರಡು ಕೋಣೆ, ಒಂದು ಪಡಸಾಲೆ, ಹಿಂದೊಂದು ಅಡುಗೆಮನೆ. ಅಷ್ಟೇ ಮಠ.

ಅಲ್ಲಿ ಹಾಲಯ್ಯ ಅಜ್ಜಾರು ಇದ್ದರು. ಆ ಕಡೆ ಸ್ವಾಮಿಗಳನ್ನು ಜನ ಪ್ರೀತಿಯಿಂದ ಅಜ್ಜಾರು ಅನ್ನುತ್ತಾರೆ. ಇವರು ವಯಸ್ಸಿನಲ್ಲೂ ಅಜ್ಜಾರೇ. ಯಾರಿಗಾದರೂ ಬೈಯಬೇಕಾದರೆ ಮೊದಲು ಊಟ ಆಯಿತೇನು ಎಂದು ಕೇಳಿ, ಆಮೇಲೆ ಬೈಯುತ್ತಿದ್ದರು.

ಅವರ ಶಿಷ್ಯ ಚೆನ್ನವೀರ. ಧಾರವಾಡದವನು, ಗಿಟಾರು ಬಾರಿಸುವವನು. ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದವನು ಮಳೆಗಾಲ ಮುಗಿದರೂ ಹೋಗಿರಲಿಲ್ಲ. ಸೋಮವಾರದ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ. ಉಳಿದ ದಿನ ದಾಸೋಹಕ್ಕೆ ಕಾಯಿಪಲ್ಯ ಹೆಚ್ಚುತ್ತಿದ್ದ.

ಒಂದು ದಿನ ಇಳಿಹೊತ್ತಿನಲ್ಲಿ ಅಜ್ಜಾರು ಹೊಳೆಯ ಮೆಟ್ಟಿಲಿಗೆ ಬಂದರೆ, ಚೆನ್ನವೀರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನ ಮೇಲೆ ಬೆರಳಾಡಿಸುತ್ತ ಕೂತಿದ್ದ. ಮುಖ ನೋಡಿದರೆ ಪರೀಕ್ಷೆಗೆ ಕೂತವನ ಹಾಗೆ.

"ಏನ್ ನಡಸೀಯಪಾ?"

"ಹಾಡು ಕೂಡಸಾಕತ್ತೀನ್ರಿ ಅಜ್ಜಾರ. ನನಗ ಭಾಳ ಸೇರೂ ಹಾಡು ಆರಿಸಿ, ಒಂದರ ಹಿಂದ ಒಂದ ಹೊಂದಿಸಿ ಇಡೂದ್ರಿ. ಮಾಲಿ ಕಟ್ಟಿದಂಗ."

"ಎಂಥ ಹಾಡು?"

"ಇಂಡಿ ರಾಕ್ ಅಂತಾರ್ರಿ. ಒಂದಿಷ್ಟು ಪಾಪ್ ಅದಾವು."

"ಇಂಡಿ? ವಿಜಾಪುರ ಕಡೆ ನಿಂಬಿಹಣ್ಣಿನ ಊರು ಇಂಡಿಯೇನು?"

ಚೆನ್ನವೀರನಿಗೆ ನಗು ಬಂತು. "ಅಲ್ರಿ. ದೊಡ್ಡ ಕಂಪನಿಯವರ ಹಂಗಿಲ್ಲದ, ತಮ್ಮ ಪಾಡಿಗೆ ತಾವು ಹಾಡು ಮಾಡಿಕೊಳ್ಳೂ ಸಣ್ಣ ಸಣ್ಣ ಬ್ಯಾಂಡ್‌ನವರ ಹಾಡ್ರಿ."

"ಹಂಗಾರ ನಮ್ಮ ಭಜನಿ ಮ್ಯಾಳಾನೂ ಇಂಡಿನ ಆತಲ್ಲೊ," ಎಂದರು ಅಜ್ಜಾರು. "ಇರಲಿ. ಯಾರ ಸಲುವಾಗಿ ಕೂಡಸಾಕತ್ತಿ?"

ಈಗ ಚೆನ್ನವೀರನ ನಗು ಹೋಯಿತು.

"ತೋಂಟೇಶನ ಸಲುವಾಗ್ರಿ."

ಈ ತೋಂಟೇಶ ಯಾರು ಅನ್ನುವುದನ್ನು ಹೇಳಬೇಕು. ಧಾರವಾಡದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾಲ್ವರು ಗೆಳೆಯರು ಕೂಡಿ ಬ್ಯಾಂಡು ಕಟ್ಟಿದ್ದರು. ಅದಕ್ಕೆ ಗಿರಣಿ ಅಂತಲೇ ಹೆಸರು. ಕೆಳಗೆ ಜೋಳ ಬೀಸುವ ಸದ್ದು, ಮೇಲೆ ಇವರ ಸದ್ದು. ಯಾವುದು ಯಾವುದೆಂದು ಓಣಿಯವರಿಗೆ ತಿಳಿಯುತ್ತಿರಲಿಲ್ಲ. ಬ್ಯಾಂಡಿನಲ್ಲಿ ಹಾಡುವವನು ತೋಂಟೇಶ, ಗದಗಿನವನು. ಚೆನ್ನವೀರನ ಜೀವದ ಗೆಳೆಯ.

ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ತೋಂಟೇಶ ಹಾಡುತ್ತ ಹಾಡುತ್ತ ಒಂದು ಸಾಲು ಮರೆತ. ದನಿ ನಡುಗಿತು. ಒಂದು ಉಸಿರು ತಗೊಂಡು ತಾನೇ ಎತ್ತಿಕೊಳ್ಳುತ್ತಿದ್ದನೇನೋ. ಆದರೆ ಚೆನ್ನವೀರನಿಗೆ ತಡೆಯಲಾಗಲಿಲ್ಲ. ಮೈಕು ತನ್ನ ಕಡೆ ಎಳೆದುಕೊಂಡು ಉಳಿದ ಹಾಡನ್ನು ತಾನೇ ಹಾಡಿ ಮುಗಿಸಿದ. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು.

ತೋಂಟೇಶ ವೇದಿಕೆ ಇಳಿದು ಹೋದ. ಆಮೇಲೆ ಹಾಡಲೇ ಇಲ್ಲ. ಊರಿಗೆ ಹೋಗಿ ಅಪ್ಪನ ಛಾಪಖಾನೆಯಲ್ಲಿ ಕೂತ. ಚೆನ್ನವೀರ ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ಮೊನ್ನೆ ಅವನ ತಂಗಿ ನೀಲಾ ಫೋನು ಮಾಡಿ ಅತ್ತಿದ್ದಳು. "ಚೆನ್ನಣ್ಣ, ಅಣ್ಣ ಮಾತಾಡೂದ ಬಿಟ್ಟಾನ. ಮನ್ಯಾಗ ರೇಡಿಯೋ ಹಚ್ಚಿದ್ರ ಎದ್ದ ಹೊರಗ ಹೊಕ್ಕಾನ. ಗ್ವಾಡಿ ನೋಡಕೋಂತ ಕುಂತಲ್ಲೇ ಕುಂದರತಾನ. ನಮಗ ಹೆದರಿಕಿ ಆಗೇತಿ."

ಇದನ್ನೆಲ್ಲ ಚೆನ್ನವೀರ ಅಜ್ಜಾರಿಗೆ ಹೇಳಿದ.

"ಅಂವ ಮತ್ತ ಮೊದಲಿನಂಗ ಆಗಬೇಕ್ರಿ ಅಜ್ಜಾರ. ಹಾಡದಿದ್ರೂ ಹೋಗ್ಲಿ, ಒಂದ ಹಾಡು ಕೇಳಿದ್ರ ಸಾಕು. ಇಂಥ ಹಾಡು ಕಳಿಸಿದ್ರ ಅಂವ ಕೇಳದ ಇರಾಂಗಿಲ್ರಿ."

"ಎಲ್ಲಿ, ನನಗೊಂದಿಷ್ಟು ಕೇಳಸು."

ಅಜ್ಜಾರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕೇಳಿದರು. ಶಿಲ್ಲಾಂಗಿನ ಯಾರೋ ಹುಡುಗರು ಮಳೆಯ ಸದ್ದಿನ ಮೇಲೆ ಗಿಟಾರು ಬಾರಿಸಿದ್ದು. ಯಾವುದೋ ಹಿಮದ ದೇಶದ ಹುಡುಗಿ ನಿದ್ದೆಗಣ್ಣಿನಲ್ಲೇ ಹಾಡಿದಂತೆ ಹಾಡಿದ್ದು. ಬೆಂಗಳೂರಿನ ಒಂದು ಕಾರು ಶೆಡ್ಡಿನಲ್ಲಿ ಮೂವರು ಕೂಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು, ಅರಚಿ ಮಾಡಿದ್ದು. ಅದಕ್ಕೆ ಮಾತ್ರ ಅಜ್ಜಾರು ಒಮ್ಮೆ ಬೆಚ್ಚಿದರು. ಆದರೂ ಇಯರ್‌ಫೋನ್ ತೆಗೆಯಲಿಲ್ಲ.

ಒಂದು ಹಾಡು ಮುಗಿಯುವುದರೊಳಗೆ ಇನ್ನೊಂದು ಶುರು. ನಡುವೆ ಕೆಮ್ಮಲೂ ಜಾಗವಿಲ್ಲ. ಚೆನ್ನವೀರ ಅಷ್ಟು ನಾಜೂಕಾಗಿ ಹೊಂದಿಸಿದ್ದ.

"ಹ್ಯಾಂಗ್ರಿ ಅಜ್ಜಾರ?"

"ಭಾಳ ಚೊಲೋ ಅದಾವು. ಒಂದು ಕೂದಲೆಳಿ ಹೋಗಾಕೂ ಸಂದಿಲ್ಲ."

ಚೆನ್ನವೀರ ಹಿಗ್ಗಿ ಹೀರೇಕಾಯಿಯಾದ. "ಹಂಗಾರ ಈಗ ಕಳಿಸ್ತೀನ್ರಿ."

"ಇವತ್ತ ಸೋಮವಾರ. ಭಜನಿ ಮುಗೀಲಿ. ಆಮ್ಯಾಲ ಕಳಸು."

ಆ ಮಠದ ಭಜನೆಗೆ ಒಂದು ಪದ್ಧತಿ. ಪಡಸಾಲೆಯಲ್ಲಿ ಜನ ಎದುರುಬದುರಾಗಿ ಎರಡು ಸಾಲು ಕೂಡುತ್ತಾರೆ. ಈ ಸಾಲಿನವರು ಪದದ ಒಂದು ನುಡಿ ಹಾಡಿದರೆ ಆ ಸಾಲಿನವರು ಅದನ್ನು ಎತ್ತಿಕೊಂಡು ಹಾಡಿ, ತಿರುಗಿ ಇವರಿಗೆ ಕೊಡಬೇಕು. ಹೀಗೆ ಪದ ಆಚೆ ಈಚೆ ಹೋಗಿ ಬಂದು ಮುಗಿಯುತ್ತದೆ.

ಆವತ್ತು ಎದುರು ಸಾಲಿನವರು ಹೊಲದಲ್ಲಿ ಹತ್ತಿ ಬಿಡಿಸಿ ಬಂದವರು. ದಣಿದಿದ್ದರು. ನುಡಿ ಎತ್ತಿಕೊಳ್ಳಲು ಒಂದು ಚೂರು ತಡವಾಗುತ್ತಿತ್ತು. ಅಷ್ಟರೊಳಗೆ ಪೇಟಿಯ ಮುಂದೆ ಕೂತ ಚೆನ್ನವೀರ ಅವರ ನುಡಿಯನ್ನೂ ತಾನೇ ಹಾಡಿಬಿಡುತ್ತಿದ್ದ. ದನಿ ಒಳ್ಳೆಯದಿತ್ತು, ಯಾರೂ ಏನೂ ಅನ್ನಲಿಲ್ಲ. ಬರಬರುತ್ತ ಎದುರು ಸಾಲಿನವರು ಬರೀ ತಲೆದೂಗುತ್ತ ಕೂತರು. ಒಬ್ಬ ಮುದುಕ ತಾಳ ಕೆಳಗಿಟ್ಟು ತಂಬಾಕು ತಿಕ್ಕತೊಡಗಿದ.

ಅಜ್ಜಾರು ಗದ್ದುಗೆಯಿಂದ ಎದ್ದು ಬಂದರು.

"ಚೆನ್ನವೀರ, ಪೇಟಿ ಇತ್ತ ಕೊಡು. ನೀ ಹೋಗಿ ಆ ಕಡೆ ಕುಂದ್ರು."

ಆ ಕಡೆ ಕೂತವರನ್ನೆಲ್ಲ ಕರೆದು ತಮ್ಮ ಕಡೆ ಕೂಡಿಸಿಕೊಂಡರು. ಎದುರು ಸಾಲಿನಲ್ಲಿ ಈಗ ಚೆನ್ನವೀರ ಒಬ್ಬನೇ.

ಅಜ್ಜಾರು ಒಂದು ನುಡಿ ಹಾಡಿದರು. ಚೆನ್ನವೀರ ಎತ್ತಿಕೊಳ್ಳಲು ಬಾಯಿ ತೆಗೆದ. ಅಷ್ಟರೊಳಗೆ ಅವನ ನುಡಿಯನ್ನೂ ಅಜ್ಜಾರೇ ಹಾಡಿಬಿಟ್ಟರು.

ಎರಡನೆಯದಕ್ಕೂ ಹಾಗೇ. ಚೆನ್ನವೀರ ಬಾಯಿ ತೆಗೆಯುವುದು, ಅಜ್ಜಾರು ಹಾಡುವುದು, ಅವನು ಮುಚ್ಚುವುದು. ಮೊದಲು ಜನರಿಗೆ ನಗು ಬಂತು. ಆಮೇಲೆ ನಗುವೂ ನಿಂತಿತು. ಪದ ಮುಗಿಯುವ ಹೊತ್ತಿಗೆ ಚೆನ್ನವೀರ ತಲೆ ಕೆಳಗೆ ಹಾಕಿ ಕೂತಿದ್ದ. ಕಿವಿ ಕೆಂಪಾಗಿದ್ದವು. ಎದ್ದು ಹೊಳೆಯ ಕಡೆ ಹೋಗಿಬಿಡಬೇಕು ಅನ್ನಿಸುತ್ತಿತ್ತು.

ಜನ ಪ್ರಸಾದ ತಗೊಂಡು ಮನೆಗೆ ಹೋದ ಮೇಲೆ ಅವನು ಅಜ್ಜಾರ ಮುಂದೆ ಬಂದು ನಿಂತ.

"ನನಗ ಬಾಯಿ ತಗಿಯಾಕ ಆಸ್ಪದನ ಕೊಡಲಿಲ್ಲಲ್ರಿ ಅಜ್ಜಾರ."

"ಪದ ಹ್ಯಾಂಗಿತ್ತು?"

"ಪದ ಚೊಲೋನ ಇತ್ರಿ."

"ಎಲ್ಲ್ಯರ ತಪ್ಪಿತೇನು?"

"ಇಲ್ರಿ."

"ಮತ್ತ ನಿಂದೇನ ತಕರಾರು?"

ಚೆನ್ನವೀರ ಅಲ್ಲೇ ಕೂತ. ಆ ಕಾಲೇಜಿನ ವೇದಿಕೆ ಕಣ್ಣಿಗೆ ಕಟ್ಟಿತು. ಇಷ್ಟು ದಿನ ಅದನ್ನು ನೆನೆದಾಗಲೆಲ್ಲ ಅವನಿಗೆ ಕಾಣುತ್ತಿದ್ದುದು ತನ್ನ ಮುಖ, ತನ್ನ ಸಂಕಟ. ಈಗ ಮೊದಲ ಸಲ, ಕೈಯಲ್ಲಿ ಮೈಕಿಲ್ಲದೆ ನಿಂತ ತೋಂಟೇಶ ಕಂಡ.

"ಆವತ್ತ ನಾ ಅವಗ ಹಿಂಗ ಮಾಡಿದ್ನಿ," ಎಂದ. ಕಣ್ಣಲ್ಲಿ ನೀರು ಬಂತು. "ಈಗೂ ಅದನ್ನ ಮಾಡಾಕ ಹೊಂಟಿದ್ನಿ. ಎಲ್ಲಾ ನನ್ನ ಹಾಡು, ನಾನ ಆರಿಸಿದ್ದು, ನಾನ ಹೊಂದಿಸಿದ್ದು. ಅಂವಗ ಯಾವ ಹಾಡು ಸೇರತಾವು ಅಂತ ಒಮ್ಮೆರ ಕೇಳಿಲ್ರಿ ನಾ."

"ಊಟ ಆತೇನು?" ಎಂದರು ಅಜ್ಜಾರು.

ಇನ್ನು ಬೈಗುಳ ಶುರು ಎಂದುಕೊಂಡ ಚೆನ್ನವೀರ.

"ಇಲ್ರಿ."

"ಉಂಡು ಬಾ. ಆಮ್ಯಾಲ ಒಂದ ಹಾಡು ಕಳಸು."

"ಒಂದನ? ಉಳಿದವು?"

"ಉಳಿದವು ನಿನ್ನ ಹಂತೇಕ ಇರಲಿ. ಅವೇನ ಓಡಿ ಹೊಕ್ಕಾವ?"

"ಒಂದ ಹೂವಿಗೆ ಮಾಲಿ ಹ್ಯಾಂಗ ಆಕ್ಕೈತ್ರಿ?"

"ದಾರದ ಇನ್ನೊಂದು ತುದಿ ಅವನ ಕೈಯಾಗ ಕೊಟ್ಟ ನೋಡು."

ಚೆನ್ನವೀರ ಊಟ ಮಾಡಿದ. ಕೈ ತೊಳೆದು ಬಂದು ಮತ್ತೆ ಕೇಳಿದ.

"ಅಜ್ಜಾರ, ಯಾವ ಹಾಡು ಕಳಿಸ್ಲಿ?"

"ಯಾವುದರ ಬಗ್ಗೆ ನಿನಗ ಹೇಳಾಕ ಏನೂ ಇಲ್ಲೊ, ಅದನ್ನ."

ಇದು ಭಾರಿ ಕಷ್ಟದ ಕೆಲಸವಾಯಿತು. ಚೆನ್ನವೀರನಿಗೆ ಎಲ್ಲ ಹಾಡಿನ ಬಗ್ಗೆಯೂ ಹೇಳಲು ಬೇಕಾದಷ್ಟಿತ್ತು. ಯಾರು ಬಾರಿಸಿದ್ದು, ಎಲ್ಲಿ ಬಾರಿಸಿದ್ದು, ಯಾಕೆ ಅದರಂಥದ್ದು ಇನ್ನೊಂದಿಲ್ಲ. ಕೊನೆಗೊಂದು ಸಿಕ್ಕಿತು. ಒಬ್ಬ ಮನುಷ್ಯ, ಒಂದು ಗಿಟಾರು. ಭಾಷೆಯೂ ತಿಳಿಯದು. ಅದು ಯಾಕೆ ತನಗೆ ಸೇರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಅದನ್ನೇ ಕಳಿಸಿದ. ಜೊತೆಗೆ ಇಷ್ಟೇ ಬರೆದ: "ಆವತ್ತು ನಂದು ತಪ್ಪಾತು ತೋಂಟ್ಯಾ. ಮುಂದಿನ ಹಾಡು ನಿಂದು."

ತೋಂಟೇಶ ಉತ್ತರ ಕೊಡಲಿಲ್ಲ.

ಮರುದಿನ ಇಲ್ಲ. ಅದರ ಮರುದಿನವೂ ಇಲ್ಲ. ಚೆನ್ನವೀರ ಬದನೆಕಾಯಿ ಹೆಚ್ಚುವಾಗೊಮ್ಮೆ, ನೀರು ಸೇದುವಾಗೊಮ್ಮೆ ಮೊಬೈಲು ನೋಡುತ್ತಿದ್ದ. ಮಜ್ಜಿಗೆಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದ. ದಾಸೋಹಕ್ಕೆ ಬಂದವರು ಮುಖ ಕಿವುಚಿಕೊಂಡು ಕುಡಿದರು.

"ಅಜ್ಜಾರ, ಅಂವಗ ಆ ಹಾಡು ಸೇರಿಲ್ಲ ಕಾಣತೈತಿ. ಇನ್ನೊಂದು ಕಳಿಸ್ಲೇನ್ರಿ?"

"ಎಲಿಯಾಗಿನ ತುತ್ತು ಎತ್ತಾಕ ಬಿಡವಲ್ಲಿ. ಆಗಲೇ ಮತ್ತೊಂದು ಸೌಟು ಹಿಡಕೊಂಡ ನಿಂತಿ."

"ಅಂವ ಉತ್ತರನ ಕೊಡದಿದ್ರ?"

"ಆ ಹಕ್ಕೂ ಅವಂದನ."

ಈ ಮಾತು ಚೆನ್ನವೀರನಿಗೆ ಬಹಳ ನೋವು ಕೊಟ್ಟಿತು. ಆದರೂ ಅವನು ಎರಡನೆಯ ಹಾಡು ಕಳಿಸಲಿಲ್ಲ. ಅದೇ ದೊಡ್ಡದು ಅನ್ನಬೇಕು, ಅವನ ಸ್ವಭಾವ ಬಲ್ಲವರು.

ಮುಂದೆ ಬಂದ ಸೋಮವಾರ ಭಜನೆಯಲ್ಲಿ ಅವನೇ ಪೇಟಿ ಬಾರಿಸಿದ. ಎದುರು ಸಾಲಿನವರು ತಡ ಮಾಡಿದರೆ ಹಲ್ಲು ಕಚ್ಚಿ ಕಾದ. ಒಮ್ಮೆಯಂತೂ ಎಷ್ಟು ಹೊತ್ತು ಕಾಯಬೇಕಾಯಿತೆಂದರೆ ಅವನ ಹಣೆಯ ಮೇಲೆ ಬೆವರು ಬಂತು. ಆಮೇಲೆ ಆ ತಂಬಾಕಿನ ಮುದುಕ ಎತ್ತಿಕೊಂಡ. ಸ್ವರ ತಪ್ಪಿತ್ತು, ದನಿ ಒಡೆದಿತ್ತು. ಆದರೆ ಹಿಂದಿದ್ದವರೆಲ್ಲ ಒಮ್ಮೆಲೇ ಕೂಡಿಕೊಂಡರು, ಪಡಸಾಲೆ ತುಂಬಿತು.

ನಾಲ್ಕಾರು ದಿನ ಕಳೆದು ನೀಲಾಳ ಫೋನು ಬಂತು.

"ಚೆನ್ನಣ್ಣ, ಅದೇನ ಕಳಿಸೀಯೋ ಏನೋ. ಅಣ್ಣ ಕಿವಿಗೆ ಹಚಗೊಂಡ ಕೇಳಾಕತ್ತಾನ. ಉಣ್ಣಾಕ ಕರದ್ರ, ತಡೀ ಮುಗೀಲಿ ಅಂದ. ಮಾತಾಡಿದ ಮಾರಾಯಾ!"

ಅವಳು ಆ ಕಡೆ ನಗುತ್ತ ಅಳುತ್ತಿದ್ದಳು. ಚೆನ್ನವೀರ ಈ ಕಡೆ ಹೂಂ ಹೂಂ ಅನ್ನುತ್ತಿದ್ದ.

ಮರುದಿನ ಬೆಳಿಗ್ಗೆ ತೋಂಟೇಶನಿಂದ ಬಂತು. ಮಾತಿಲ್ಲ, ಕತೆಯಿಲ್ಲ. ಒಂದು ಹಾಡು.

ಚೆನ್ನವೀರ ಹೆಚ್ಚುತ್ತಿದ್ದ ಗಜ್ಜರಿ ಬಿಟ್ಟು, ಚಾಕು ಹಿಡಿದುಕೊಂಡೇ ಓಡಿದ. ಅಜ್ಜಾರು ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು.

"ಬಂತ್ರಿ ಅಜ್ಜಾರ! ತೋಂಟೇಶನ ಹಾಡು ಬಂತು!"

"ಚಾಕು ಕೆಳಗಿಡಪಾ ಮೊದಲ. ಹಚ್ಚು, ಕೇಳೂಣು."

ಚೆನ್ನವೀರ ಅಜ್ಜಾರ ಪಕ್ಕ ಕೂತು ಹಾಡು ಹಚ್ಚಿದ.

ಸೀಟಿ ಹೊಡೆಯುವ ಸದ್ದು ಬಂತು. ಆಮೇಲೆ ಕೈಚಪ್ಪಾಳೆ. ಆಮೇಲೆ ಒಬ್ಬ ಹುಡುಗಿ ಬೆಲ್ಲದ ಪಾಕದಂಥ ದನಿಯಲ್ಲಿ, ಬಾ ಬಾ ಎಂದು ಯಾರನ್ನೋ ಕರೆಯುತ್ತ ಹಾಡತೊಡಗಿದಳು. ಮದುವೆ ಮಂಟಪಗಳಲ್ಲಿ, ಆಟೋಗಳಲ್ಲಿ, ಜ್ಯೂಸ್ ಅಂಗಡಿಗಳಲ್ಲಿ ಊರೆಲ್ಲ ಕೇಳಿ ಕೇಳಿ ಸವೆದ ಪಾಪ್ ಹಾಡು.

ಚೆನ್ನವೀರನ ಮುಖ ಸಣ್ಣದಾಯಿತು.

"ಅಯ್ಯ ಇವನ! ಇದನ್ಯಾಕ ಆರಿಸಿದ್ನಪಾ ಇಂವ? ಕೇಳ್ರಿ ಅಜ್ಜಾರ, ಬರೇ ಮಷಿನ್ ತಾಳ. ಒಂದ ಗಿಟಾರ ಇಲ್ಲ ಇದರಾಗ. ನಾ ಕಳಿಸಿದ ಹಾಡಿನ ಬಾಜೂಕ ಇದು ಹ್ಯಾಂಗ ಕುಂದರತೈತ್ರಿ? ಕಟ್ಟಿದ್ದೆಲ್ಲಾ ಕೆಡತೈತಿ. ಅವಗ ಹೇಳ್ತೀನ್ರಿ, ತೋಂಟ್ಯಾ, ಚೊಲೋ ಆತು, ಆದ್ರ ಇದನ್ನ ಬಿಟ್ಟ ಇನ್ನೊಂದು ಯಾವುದಾರ..."

ಹಾಡು ಮುಗಿಯಿತು.

ಅಜ್ಜಾರು ಕಣ್ಣು ಮುಚ್ಚಿಕೊಂಡು, ಇನ್ನೂ ಏನೋ ಬರಲಿಕ್ಕಿದೆ ಅನ್ನುವವರ ಹಾಗೆ ಮೊಬೈಲಿನ ಕಡೆ ವಾಲಿ ಕೂತೇ ಇದ್ದರು.

"ಇನ್ನೊಮ್ಮಿ ಹಚ್ಚಪಾ," ಎಂದರು. "ನೀ ಮಾತಾಡೂದ್ರಾಗ ಅವನ ಹಾಡು ಕೇಳಿಸಲಿಲ್ಲ."