ದೊರೆಯ ಕಾರಿಗೆ ಬಿದ್ದ ಗೀರು

ಹತ್ತಿರ ಬನ್ನಿ ಮಕ್ಕಳೇ, ಸ್ವಲ್ಪ ಒತ್ತಿಕೊಂಡು ಕುಳಿತುಕೊಳ್ಳಿ. ಕುದುರೆಗಳು ಲಾಯದಲ್ಲಿ ಮುದಿಯಾಗಿ, ಮೋಟಾರು ಗಾಡಿಗಳು ಬೀದಿಗೆ ಇಳಿದ ಕಾಲದಲ್ಲಿ, ಸಂಪಿಗೆಕೋಟೆ ಎಂಬ ರಾಜ್ಯದಲ್ಲಿ ಮಲ್ಲರಸನೆಂಬ ದೊರೆಯಿದ್ದನು.

ದೊರೆಗೆ ಒಂದು ಕಾರಿತ್ತು. ಎಂಥ ಕಾರು? ಮಾಗಿದ ನೇರಳೆ ಹಣ್ಣಿನ ಬಣ್ಣದ ಕಾರು. ಎದುರಿಗೆ ನಿಂತರೆ ಮುಖ ಕಾಣುತ್ತಿತ್ತು. ಅದನ್ನು ನಡೆಸುವವನ ಹೆಸರು ಕೆಂಡಗಣ್ಣ. ಮೊದಲು ಅವನು ಅರಮನೆಯ ಜೋಡಿ ಕುದುರೆ ಸಾರೋಟನ್ನು ಹೊಡೆಯುತ್ತಿದ್ದನು. ಸಾರೋಟು ಹೋಯಿತು, ಕಾರು ಬಂದಿತು. ಕೆಂಡಗಣ್ಣ ಮಾತ್ರ ಮುಂದಿನ ಆಸನವನ್ನು ಬಿಡಲಿಲ್ಲ. ಕುದುರೆಯ ಮೈ ತಿಕ್ಕುತ್ತಿದ್ದ ಕೈಯಲ್ಲಿಯೇ ಕಾರಿನ ಮೈಯನ್ನು ಒರೆಸುತ್ತಿದ್ದನು. ಆ ಆಸನದಲ್ಲಿ ಕುಳಿತಾಗ ಅವನು ಒಬ್ಬ ಮನುಷ್ಯ. ಕೆಳಗಿಳಿದರೆ ತಾನು ಯಾರೆಂದು ಅವನಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಆ ರಾಜ್ಯದಲ್ಲಿ ರಥಗಳ ಕಾಲದಿಂದ ಬಂದ ಒಂದು ಕಟ್ಟಳೆಯಿತ್ತು. ದೊರೆಯ ವಾಹನಕ್ಕೆ ಯಾರಾದರೂ ಗೀರು ಹಾಕಿದರೆ, ಅವರು ಗಡಿ ದಾಟಿ ಹೋಗಬೇಕು. ತಿರುಗಿ ಬರುವಂತಿಲ್ಲ.

ದೊರೆಯ ತಾಯಿಯ ಹೆಸರು ಚೆನ್ನಾಜಮ್ಮಣ್ಣಿ. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಸಂಜೆಯಾದರೆ ಕೆಂಡಗಣ್ಣ ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಕೋಟೆಯ ಸುತ್ತ ಒಂದು ಸುತ್ತು ಹೋಗಿ ಬರುವನು. ಆಕೆಯ ಬಳಿ ಒಂದು ಕ್ಯಾಸೆಟ್ಟಿತ್ತು. ತೀರಿಹೋದ ತಂಗಿ ಹಾಡಿದ ಸೋಬಾನೆ ಪದಗಳು ಅದರಲ್ಲಿದ್ದವು. ತಂಗಿಯದು ಹೆಂಗಸರಲ್ಲಿ ಅಪರೂಪವಾದ ತಗ್ಗಿನ ದನಿ, ತುಂಬಿದ ಕೊಡವನ್ನು ನೆಲಕ್ಕಿಟ್ಟಂಥ ದನಿ.

ಒಂದು ಸಂಜೆ ಆಕೆ ಕೇಳಿದಳು: "ಕೆಂಡಗಣ್ಣ, ಈ ಗಾಡಿ ಹಾಡೋದಿಲ್ವೇನಪ್ಪ?"

ಕೆಂಡಗಣ್ಣ ಅದನ್ನು ಮನಸ್ಸಿನಲ್ಲಿಟ್ಟುಕೊಂಡನು. ಪೇಟೆಯಿಂದ ಕ್ಯಾಸೆಟ್ಟು ಹಾಡಿಸುವ ಪೆಟ್ಟಿಗೆಯನ್ನೂ ಎರಡು ಸ್ಪೀಕರುಗಳನ್ನೂ ತಂದನು. ತಾನೇ ಮಾಡುತ್ತೇನೆ ಎಂದನು. ಬಾಗಿಲುಗಳಲ್ಲಿ ಗಾಡಿ ಮಾಡಿದವರೇ ಬಿಟ್ಟಿದ್ದ ತೂತುಗಳಿದ್ದವು. ಅಲ್ಲಿ ಸ್ಪೀಕರುಗಳನ್ನು ಕೂರಿಸಿದನು. ಬಾಗಿಲು ಗಡಗಡ ಎನ್ನಬಾರದೆಂದು ಹಳೆಯ ಕೌದಿಯನ್ನು ತುಂಡು ಮಾಡಿ ಒಳಗೆ ತುಂಬಿದನು. ತಂತಿಗಳನ್ನು ಮಗುವಿನ ಜಡೆಯಂತೆ ಹೆಣೆದನು. ನೋಡಿದವರು ತಲೆದೂಗಿದರು.

ಆದರೆ ಅವನು ಎರಡು ತಪ್ಪು ಮಾಡಿದನು. ಸಾರೋಟಿಗೆ ಜೋಡಿ ಕುದುರೆ ಕಟ್ಟುವಾಗ ಎಡಗುದುರೆಯ ಲಗಾಮು ಹೇಗಿರುತ್ತದೆಯೋ ಬಲಗುದುರೆಯದು ಅದಕ್ಕೆ ತಿರುಗುಮುರುಗಾಗಿರಬೇಕು. ಕೈ ಕಲಿತದ್ದನ್ನು ಬಿಡುತ್ತದೆಯೇ? ಎಡಬಾಗಿಲಿನ ತಂತಿಗಳನ್ನು ಕಟ್ಟಿದನು, ಬಲಬಾಗಿಲಿನ ತಂತಿಗಳನ್ನು ಅದಕ್ಕೆ ತಿರುಗುಮುರುಗಾಗಿ ಕಟ್ಟಿದನು. ಇನ್ನೊಂದು ತಂತಿಯನ್ನು ಗಾಡಿಯ ಮೈಗೆ ಬಿಗಿಯಬೇಕಿತ್ತು. ಅಲ್ಲಿ ಬಣ್ಣವಿತ್ತು. ಕೆರೆಯಲು ಅವನಿಗೆ ಕೈ ಬರಲಿಲ್ಲ. ಬಣ್ಣದ ಮೇಲೆಯೇ ಬಿಗಿದು ಕೈ ಮುಗಿದನು.

ಸಂಜೆ ಸವಾರಿ ಹೊರಟಿತು. ಹಾಡು ಬಂದಿತು. ಚೆನ್ನಾಜಮ್ಮಣ್ಣಿ ಕಿವಿಗೊಟ್ಟು ಕೇಳಿದಳು.

"ಹಾಡು ಕೇಳಿಸ್ತದೆ ಕೆಂಡಗಣ್ಣ. ಆದರೆ ನನ್ನ ತಂಗಿ ಕೆರೆಯ ಆಚೆ ದಡದಲ್ಲಿ ನಿಂತವಳೆ. ಅವಳ ಜೊತೆ ಒಂದು ಸೊಳ್ಳೆಯೂ ಹಾಡ್ತಾ ಇದೆ."

ನಿಜ. ಗಾಡಿಯ ವೇಗ ಏರಿದರೆ ಸೊಳ್ಳೆಯ ಸದ್ದೂ ಏರುತ್ತಿತ್ತು. ಗಾಡಿ ನಿಂತರೆ ಸೊಳ್ಳೆಯೂ ಕೂರುತ್ತಿತ್ತು. ಕೆಂಡಗಣ್ಣ ಮತ್ತೆ ಮತ್ತೆ ಬಿಚ್ಚಿದನು, ಮತ್ತೆ ಮತ್ತೆ ಕಟ್ಟಿದನು. ಸೊಳ್ಳೆ ಹೋಗಲಿಲ್ಲ. ತಂಗಿ ಈಚೆ ದಡಕ್ಕೆ ಬರಲಿಲ್ಲ.

ಸುದ್ದಿ ಭುಜಂಗರಾಯನ ಕಿವಿಗೆ ಬಿದ್ದಿತು. ಇವನು ಆಸ್ಥಾನದಲ್ಲಿ ಧ್ವನಿಪಂಡಿತನೆಂದು ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ. ಜರಿಯ ಪೇಟ, ಬೆರಳಿಗೊಂದು ಉಂಗುರ, ಮಾತಿಗೊಂದು ಶ್ಲೋಕ. ಅವನಿಗೆ ಕೆಲಸವಿಲ್ಲದ ಒಬ್ಬ ಭಾವಮೈದುನನಿದ್ದನು. ಆ ಭಾವಮೈದುನನನ್ನು ಅರಮನೆಯ ಕಾರಿನ ಮುಂದಿನ ಆಸನದಲ್ಲಿ ಕೂರಿಸಬೇಕೆಂಬುದು ಇವನ ಬಹುದಿನದ ಆಸೆ.

"ಪ್ರಭು, ಕುದುರೆ ಹೊಡೆಯುವವನು ಧ್ವನಿಯನ್ನು ಮುಟ್ಟಿದರೆ ಹೀಗೇ ಆಗುವುದು," ಎಂದನು. "ಅಪ್ಪಣೆಯಾಗಲಿ. ಒಂದು ಗೀರೂ ಬೀಳದಂತೆ, ಒಂದು ತಿರುಪನ್ನೂ ತೆಗೆಯದಂತೆ ನಾನು ಸರಿಪಡಿಸುತ್ತೇನೆ."

ಗೀರು ಬೀಳುವುದಿಲ್ಲ ಎಂಬ ಮಾತು ದೊರೆಗೆ ಬಹಳ ಹಿಡಿಸಿತು. ಭುಜಂಗರಾಯ ಆರು ಡಬ್ಬಿಗಳನ್ನು ತಂದು ಹಿಂದೆ ಮುಂದೆ ಅಂಟಿಸಿದನು. ಡಬ್ಬಿಗೊಂದು ಕೆಂಪು ದೀಪ. ಎಲ್ಲಕ್ಕೂ ಅರಗಿನ ಮೊಹರು. ಆಮೇಲೆ ಹಾಡಿನ ಸದ್ದನ್ನು ಜೋರಾಗಿ ತಿರುಗಿಸಿದನು. ಮಾಡಿದ್ದು ಅಷ್ಟೇ. ದೊರೆ ಅವನಿಗೆ ಶಾಲು ಹೊದಿಸಿದನು.

ಸಂಜೆ ಮತ್ತೆ ಸವಾರಿ ಹೊರಟಿತು.

"ಹಾಡು ಕೇಳಿಸ್ತದೆ ಕೆಂಡಗಣ್ಣ," ಎಂದಳು ಚೆನ್ನಾಜಮ್ಮಣ್ಣಿ. "ನನ್ನ ತಂಗಿ ಆಚೆ ದಡದಲ್ಲೇ ನಿಂತು ಕಿರುಚ್ತಾವಳೆ. ಸೊಳ್ಳೆ ಈಗ ಕೋಣ ಆಗಿದೆ."

ದೊರೆ ಭುಜಂಗರಾಯನನ್ನು ಕರೆಸಿದನು. ಅವನಿಗೆ ಉತ್ತರ ಮೊದಲೇ ಸಿದ್ಧವಿತ್ತು.

"ದೋಷ ಧ್ವನಿಯಲ್ಲಿಲ್ಲ ಪ್ರಭು, ಗಾಡಿ ನಡೆಸುವ ಕಾಲಿನಲ್ಲಿದೆ. ಒರಟು ಕಾಲು. ಅದಕ್ಕೇ ಯಂತ್ರ ಗೊಣಗುತ್ತದೆ. ನಮ್ಮಲ್ಲಿ ಒಬ್ಬ ಮೃದುವಾದ ಕಾಲಿನ ಹುಡುಗನಿದ್ದಾನೆ."

ದೊರೆ ಯೋಚಿಸಿದನು. "ಕೆಂಡಗಣ್ಣ, ಹುಣ್ಣಿಮೆಗೆ ಅಮ್ಮ ಕೆರೆ ಪೂಜೆಗೆ ಹೋಗುತ್ತಾರೆ. ಅಂದಿಗೂ ಈ ಸದ್ದು ಉಳಿದರೆ, ಗಾಡಿಯ ಕೀಲಿಕೈಯನ್ನು ರಾಯರ ಕೈಗೆ ಕೊಟ್ಟುಬಿಡು."

ಕೆಂಡಗಣ್ಣ ಲಾಯಕ್ಕೆ ಹೋಗಿ ಮುದಿಕುದುರೆಯ ಕೊರಳಿಗೆ ಒರಗಿ ನಿಂತನು. ಹುಲ್ಲು ಹಾಕಲು ಬಂದ ಮುದುಕಿ ಅವನನ್ನು ನೋಡಿ ಹೇಳಿದಳು: "ಇಲ್ಲಿ ನಿಂತು ಕುದುರೆಗೆ ಹೇಳಿದರೆ ಏನಪ್ಪ ಬಂತು? ಹುಣಸೆ ಮಂಡಿ ಹಿಂದೆ ದುಂಡಮ್ಮ ಅಂತ ಒಬ್ಬಳು ಅವಳೆ. ಈ ಊರಿನ ಲಾರಿ, ಜೀಪು, ಮದುವೆ ವ್ಯಾನು, ಎಲ್ಲಾ ಅವಳ ಕೈಯಿಂದಲೇ ಹಾಡೋದು. ಬಾಯಿ ಜೋರು. ಸಹಿಸಿಕೋ."

ಮರುದಿನ ಬೆಳಿಗ್ಗೆ ಕೆಂಡಗಣ್ಣ ಕಾರನ್ನು ಹುಣಸೆ ಮಂಡಿಯ ಹಿಂದಕ್ಕೆ ಒಯ್ದನು. ದುಂಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಲಾರಿಯೊಳಗಿಂದ ಇಳಿದು ಬಂದಳು. ಕಾರನ್ನು ಸುತ್ತು ಹಾಕಿ ನೋಡಿದಳು.

"ಅರಮನೆ ಗಾಡಿ ನಮ್ಮ ಹಟ್ಟಿಗೆ ಬಂದದೆ. ದಾರಿ ತಪ್ಪಿತೇನು ಸಾರಥಿಗಳೇ?"

"ಗಾಡಿ ದಾರಿ ತಪ್ಪಿಲ್ಲ ತಾಯಿ. ನನ್ನ ಕೈ ತಪ್ಪಿದೆ."

ದುಂಡಮ್ಮ ಏನನ್ನೂ ಬಿಚ್ಚಲಿಲ್ಲ. ಒಳಗೆ ಕುಳಿತು ಕಣ್ಣು ಮುಚ್ಚಿ ಹಾಡನ್ನು ಕೇಳಿದಳು. ಎಡ ಸ್ಪೀಕರನ್ನು ನಿಲ್ಲಿಸಿ ಬಲದ್ದನ್ನು ಕೇಳಿದಳು. ಬಲದ್ದನ್ನು ನಿಲ್ಲಿಸಿ ಎಡದ್ದನ್ನು ಕೇಳಿದಳು. ಒಂದೊಂದೇ ಹಾಡುವಾಗ ತಂಗಿಯ ದನಿ ತುಂಬಿ ಬರುತ್ತಿತ್ತು. ಎರಡೂ ಸೇರಿದರೆ ಸೊರಗುತ್ತಿತ್ತು. ಕೆಂಡಗಣ್ಣ ಬೆರಗಾದನು. ಇಷ್ಟು ದಿನ ತಾನು ಕೈಯಲ್ಲಿ ಹುಡುಕಿದ್ದನ್ನು ಇವಳು ಕಿವಿಯಲ್ಲಿ ಹುಡುಕುತ್ತಿದ್ದಾಳಲ್ಲ ಎಂದುಕೊಂಡನು.

"ಇವೆರಡಕ್ಕೂ ಜಗಳ ಹಚ್ಚಿದ್ದೀರಿ," ಎಂದಳು. "ಒಂದು ಗಾಳಿ ನೂಕುವಾಗ ಇನ್ನೊಂದು ಗಾಳಿ ಎಳೀತದೆ. ಪಾಪ, ಹಾಡೋಳ ಗಂಟಲೊಳಗಿನ ತೂಕ ಎಲ್ಲಾ ಮಧ್ಯದಲ್ಲೇ ಕರಗಿ ಹೋಗ್ತದೆ. ಯಾಕೆ ಹೀಗೆ ಕಟ್ಟಿದಿರಿ?"

"ಜೋಡಿ ಕುದುರೆಗೆ ಹಾಗೇ ಕಟ್ಟೋದು."

ದುಂಡಮ್ಮ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಬಾಗಿಲಿನ ಒಳಗೆ ಕೈಯಾಡಿಸಿ ಕೌದಿಯನ್ನು ಮುಟ್ಟಿದಳು. ನಗು ನಿಂತಿತು.

"ಇದನ್ನು ಯಾರು ಮಾಡಿದ್ದು?"

"ನಾನೇ."

"ಇದಕ್ಕಿಂತ ಚೆನ್ನಾಗಿ ನನಗೂ ಬರೋದಿಲ್ಲ. ಈ ಜಡೆ ಹೆಣಿಗೆಯೂ ಹಾಗೇ. ಇವನ್ನು ನಾನು ಬಿಚ್ಚೋದಿಲ್ಲ."

ಬಲಬಾಗಿಲಿನ ತಂತಿಗಳನ್ನು ಅದಲುಬದಲು ಮಾಡಿದಳು. ಸೀಟಿನ ಕೆಳಗಿನ ಜಮಖಾನವನ್ನು ಎತ್ತಿ, ಬಣ್ಣದ ಮೇಲೆ ಬಿಗಿದಿದ್ದ ತಂತಿಯನ್ನು ನೋಡಿದಳು. ಗಂಭೀರಳಾದಳು.

"ಸೊಳ್ಳೆ ಇಲ್ಲಿದೆ ಅಣ್ಣ. ಹೋದ ಕರೆಂಟು ಗಾಡಿ ಮೈಯಿಂದಲೇ ತಿರುಗಿ ಮನೆಗೆ ಬರಬೇಕು. ನೀವು ಬಾಗಿಲು ಹಾಕಿಬಿಟ್ಟಿದ್ದೀರಿ. ಅದು ಹೊಸ್ತಿಲಲ್ಲಿ ನಿಂತು ಗೊಣಗ್ತಾ ಇದೆ. ಉಗುರಿನಷ್ಟು ಜಾಗದಲ್ಲಿ ಬಣ್ಣ ಕೆರೀಬೇಕು, ಬಿಳಿ ಲೋಹ ಕಾಣೋವರೆಗೆ. ಕೆರೆದರೆ ಏನಾಗ್ತದೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಮೊದಲೇ ಹೇಳ್ತಿದೀನಿ. ಬೇಡ ಅಂದರೆ ಜಮಖಾನ ಮುಚ್ಚಿಬಿಡ್ತೀನಿ."

ಕೆರೆಯದಿದ್ದರೆ ಆಸನ ಹೋಗುತ್ತದೆ. ಕೆರೆದರೆ ರಾಜ್ಯವೇ ಹೋಗುತ್ತದೆ. ಕೆಂಡಗಣ್ಣ ಕಾರಿನ ಮೈಮೇಲೆ ಕೈಯಿಟ್ಟನು. ಕೆರೆಯ ಆಚೆ ದಡದಲ್ಲಿ ನಿಂತ ತಂಗಿಯ ಕಡೆಗೆ ಕಿವಿ ಚಾಚಿ ಕುಳಿತ ಚೆನ್ನಾಜಮ್ಮಣ್ಣಿಯ ಮುಖ ಅವನ ಕಣ್ಣ ಮುಂದೆ ಬಂದಿತು.

"ಕೆರೀ ತಾಯಿ," ಎಂದನು. "ಜಮಖಾನವನ್ನು ನಾನು ಹಿಡಿದುಕೊಂಡಿರ್ತೀನಿ."

ದುಂಡಮ್ಮ ಕೆರೆದಳು. ಬಿಗಿದಳು. ಭುಜಂಗರಾಯನ ಡಬ್ಬಿಗಳನ್ನು ಮಾತ್ರ ಮುಟ್ಟಲಿಲ್ಲ.

ಹುಣ್ಣಿಮೆಯ ಸಂಜೆ ಚೆನ್ನಾಜಮ್ಮಣ್ಣಿ ಕಾರು ಹತ್ತಿದಳು. ಪಕ್ಕದಲ್ಲಿ ದೊರೆಯೂ ಕುಳಿತನು. ಹಾಡು ಬಂದಿತು. ಕಾರು ಕೋಟೆಯ ಬಾಗಿಲು ದಾಟಿತು, ಹೂದೋಟ ದಾಟಿತು, ಕೆರೆಯ ಏರಿ ಬಂದಿತು. ಕೊನೆಗೆ ಆಕೆ ಮಗನ ತೊಡೆಯನ್ನು ತಟ್ಟಿದಳು.

"ಸ್ವಲ್ಪ ಸರಿದು ಕೂತ್ಕೊಳೋ ಮಗು. ನಿನ್ನ ಚಿಕ್ಕಮ್ಮನಿಗೆ ಜಾಗ ಬೇಕು."

ದೊರೆ ನಿಜವಾಗಿಯೂ ಸರಿದು ಕುಳಿತನು.

ಸವಾರಿ ತಿರುಗಿ ಬಂದಾಗ ಅರಮನೆಯ ಅಂಗಳದಲ್ಲಿ ಜನ ಸೇರಿದರು. ಯಾರು ಮಾಡಿದ ಕೆಲಸವಿದು ಎಂದು ದೊರೆ ಕೇಳುವಷ್ಟರಲ್ಲಿ ಭುಜಂಗರಾಯ ಮುಂದೆ ಬಂದು ನಿಂತನು. "ನನ್ನ ಡಬ್ಬಿಗಳೇ ಪ್ರಭು. ಒಳ್ಳೆಯ ಧ್ವನಿ ಉಪ್ಪಿನಕಾಯಿಯ ಹಾಗೆ, ಊರಲು ನಾಲ್ಕು ದಿನ ಬೇಕು."

ಕೆಂಡಗಣ್ಣ ಬಾಯಿ ತೆರೆದನು. ಗುಂಪಿನಲ್ಲಿದ್ದ ದುಂಡಮ್ಮ ಅವನನ್ನು ಕಣ್ಣಿನಲ್ಲಿಯೇ ತಡೆದು, ಮುಂದೆ ಬಂದು ನಮಸ್ಕಾರ ಮಾಡಿದಳು.

"ಎಂಥ ಕೈ ಸ್ವಾಮಿ ನಿಮ್ಮದು. ಬಾಗಿಲಿನ ಒಳಗಿನ ಕೆಲಸವೂ ನಿಮ್ಮದೇನಾ?"

"ನನ್ನದೇ."

"ತಂತಿ ಬಿಗಿದ ಕೆಲಸ?"

"ಅದೂ ನನ್ನದೇ."

"ಸೀಟಿನ ಅಡಿ, ಜಮಖಾನದ ಕೆಳಗೆ?"

"ಏನಮ್ಮ ನಿನ್ನ ರಗಳೆ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಎಲ್ಲವೂ ನನ್ನದೇ. ಇನ್ನೊಬ್ಬರ ಕೈ ಸೋಕಿಲ್ಲ."

"ಎಲ್ಲರೂ ಕೇಳಿದಿರಲ್ಲ," ಎಂದು ದುಂಡಮ್ಮ ಜಮಖಾನವನ್ನು ಎತ್ತಿದಳು. ನೇರಳೆ ಬಣ್ಣದ ನಡುವೆ ಉಗುರಿನಷ್ಟು ಲೋಹ ಹೊಳೆಯಿತು.

ದೊರೆಯ ಹುಬ್ಬು ಗಂಟಿಕ್ಕಿತು. "ರಾಯರೇ, ಕಟ್ಟಳೆ ನಿಮಗೆ ತಿಳಿದಿದೆ."

ಭುಜಂಗರಾಯನ ಪೇಟ ಓರೆಯಾಯಿತು. "ಅದು ನನ್ನದಲ್ಲ ಪ್ರಭು. ನಾನು ಜಮಖಾನವನ್ನು ಎತ್ತಿಯೇ ಇಲ್ಲ. ತಂತಿಯನ್ನು ಮುಟ್ಟಿಯೇ ಇಲ್ಲ. ಡಬ್ಬಿ ಅಂಟಿಸಿದ್ದು ಬಿಟ್ಟರೆ ನಾನು ಏನೂ ಮಾಡಿಲ್ಲ."

"ಹಾಗಾದರೆ ಆ ಡಬ್ಬಿಗಳ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ," ಎಂದಳು ಚೆನ್ನಾಜಮ್ಮಣ್ಣಿ. ಹಾಡು ನಡೆಯುತ್ತಿತ್ತು. ಆಕೆ ಬಾಗಿಲಿನ ಮೇಲೆ ಅಂಗೈಯಿಟ್ಟಳು. ಕರುವಿನ ಎದೆಯಂತೆ ಮಿಡಿಯಿತು. ಒಂದು ಡಬ್ಬಿಯ ಮೇಲಿಟ್ಟಳು. ಇನ್ನೊಂದರ ಮೇಲಿಟ್ಟಳು. ಮತ್ತೊಂದರ ಮೇಲಿಟ್ಟಳು.

"ಇವು ಸತ್ತಿವೆಯಲ್ಲಪ್ಪ."

ಮೊಹರು ಒಡೆಸಿದರು. ಒಳಗೆ ಒಣಹುಲ್ಲು ಮಾತ್ರವಿತ್ತು.

ಆಗ ಕೆಂಡಗಣ್ಣ ಮುಂದೆ ಬಂದು ಮಂಡಿಯೂರಿದನು. "ಗೀರು ಹಾಕಲು ಒಪ್ಪಿದವನು ನಾನು ಒಡೆಯಾ."

"ಹಾಕಿದವಳು ನಾನು," ಎಂದಳು ದುಂಡಮ್ಮ, ಮಂಡಿಯೂರದೆ. "ದೊರೆಗಳು ಒಂದು ಮಾತು ಹೇಳಬೇಕು. ದಿನಾ ಬೆಳಿಗ್ಗೆ ತಮ್ಮ ಕೊರಳ ಮೇಲೆ ಕತ್ತಿ ಆಡಿಸ್ತಾರಲ್ಲ, ಆ ಕ್ಷೌರಿಕರನ್ನು ಯಾವತ್ತು ಗಡಿ ದಾಟಿಸ್ತೀರಿ?"

ದೊರೆಯ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಆಮೇಲೆ ನಕ್ಕನು.

"ಕಟ್ಟಳೆ ಹುಟ್ಟಿದ್ದು ವಾಹನವನ್ನು ಕೆಡಿಸುವವರಿಗಾಗಿ, ಕಾಪಾಡುವವರಿಗಾಗಿ ಅಲ್ಲ. ಇಂದಿನಿಂದ, ಮೊದಲೇ ಹೇಳಿ, ಕೆಲಸಕ್ಕಾಗಿ ಹಾಕಿದ ಗೀರು ಗಾಯವಲ್ಲ. ಕೆಂಡಗಣ್ಣ, ಏಳು. ನಿನ್ನ ಆಸನದಲ್ಲಿ ನೀನೇ ಕುಳಿತುಕೋ."

ಭುಜಂಗರಾಯನ ಶಾಲನ್ನು ಕಿತ್ತುಕೊಂಡರು. ಅವನ ಹುಲ್ಲು ಡಬ್ಬಿಗಳನ್ನು ಅವನ ತಲೆಯ ಮೇಲೆಯೇ ಹೊರಿಸಿ ಗಡಿಯಾಚೆಗೆ ಕಳುಹಿಸಿದರು. ಜೊತೆಗೆ ಮೃದುವಾದ ಕಾಲಿನ ಭಾವಮೈದುನನೂ ನಡೆದುಕೊಂಡು ಹೋದನು. ಆ ಶಾಲನ್ನು ದುಂಡಮ್ಮನಿಗೆ ಹೊದಿಸಲು ಹೋದರೆ ಆಕೆ ಬೇಡವೆಂದಳು. "ಇನ್ನೊಬ್ಬರು ಹೊದ್ದದ್ದು ನನಗ್ಯಾಕೆ? ಹೊಸದು ನೇಯಿಸಿ, ಬಂದು ತಗೊಂಡು ಹೋಗ್ತೀನಿ." ದೊರೆ ಹೊಸದನ್ನೇ ನೇಯಿಸಿದನು. ಕೆಂಡಗಣ್ಣನೇ ಅದನ್ನು ಕಾರಿನಲ್ಲಿ ಒಯ್ದು ಹುಣಸೆ ಮಂಡಿಯ ಹಿಂದೆ, ಲಾರಿ ಚಾಲಕರೆಲ್ಲರ ಎದುರಿಗೆ, ಎರಡು ಕೈಗಳಿಂದ ಕೊಟ್ಟನು.

ಮಕ್ಕಳೇ, ಈ ಕಥೆಯ ನೀತಿ ಇಷ್ಟು. ನಿಮ್ಮ ಕೈಗೆ ಬರುವ ಕೆಲಸವನ್ನು ನೀವೇ ಮಾಡಿ, ಅದರಲ್ಲಿ ಬಹಳ ಗೌರವವಿದೆ. ಬಾರದ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿ, ಅದರಲ್ಲಿಯೂ ಅಷ್ಟೇ ಗೌರವವಿದೆ. ಏನೂ ಕೆಡದು, ಏನೂ ನೋಯದು ಎಂದು ಹೇಳುವವನಿಂದ ದೂರವಿರಿ. ಎಲ್ಲಿ ಕೆರೆಯಬೇಕೆಂದು ಮೊದಲೇ ಹೇಳಿ, ಕೆರೆದದ್ದು ನಾನೇ ಎಂದು ಆಮೇಲೂ ಹೇಳುವವರನ್ನು ನಂಬಿ.