ನೆನೆಯದ ಮಣ್ಣು

“ಗುರುಗಳೇ, ಮೈಯ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡರೆ ಅದೂ ಒಂದು ತಪಸ್ಸಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು:

ಒಬ್ಬ ಕುಂಬಾರನಿದ್ದ. ಅವನ ಕುಲದಲ್ಲಿ ಮಣ್ಣು ತುಳಿಯುವವನೇ ಮನೆಯ ಯಜಮಾನ. ಮಗನಿಗೆ ಮೀಸೆ ಬಲಿತಿದ್ದರೂ ಅವನು ಆ ಕೆಲಸ ಬಿಟ್ಟುಕೊಟ್ಟಿರಲಿಲ್ಲ. ಒಂದು ವರ್ಷ ಅವನ ಎರಡೂ ಮಂಡಿಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಕಾಲು ಬಿಗಿದುಕೊಂಡಿರುತ್ತಿತ್ತು, ಬಿಸಿಲೇರಿದ ಮೇಲಷ್ಟೇ ಸಡಿಲವಾಗುತ್ತಿತ್ತು. ಅವನು ಕದ್ದುಮುಚ್ಚಿ ಪಕ್ಕದೂರಿನ ವೈದ್ಯನ ಬಳಿಗೆ ಹೋದ.

“ಇದು ಕೀಲುಗಳನ್ನು ತಿನ್ನುವ ವಾತ,” ಎಂದ ವೈದ್ಯ. “ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿಟ್ಟುಕೊಳ್ಳಬಹುದು. ನೋವಿರಲಿ, ಇಲ್ಲದಿರಲಿ, ಔಷಧಿ ತಪ್ಪಿಸಬೇಡ. ಊದಿದ ದಿನ ಕಾಲಿಗೆ ಬಿಡುವು ಕೊಡು. ಇಳಿದ ದಿನ ಹಿತವಾಗಿ ಓಡಾಡು. ಮಣ್ಣು ತುಳಿಯುವುದನ್ನು ಮಾತ್ರ ಮಗನಿಗೆ ಬಿಡು.”

ಕೊನೆಯ ಮಾತು ಕುಂಬಾರನಿಗೆ ಹಿಡಿಸಲಿಲ್ಲ. ಕಾಲು ಊದಿದ ದಿನ, ಮಣ್ಣು ಇನ್ನೂ ನೆನೆದಿಲ್ಲ ಎಂದು ಮಗನಿಗೆ ಹೇಳಿ ಕೂತುಬಿಡುತ್ತಿದ್ದ. ನೋವು ಇಳಿದ ದಿನ ಔಷಧಿ ಬಿಟ್ಟು, ಉಳಿದ ಮಣ್ಣನ್ನೆಲ್ಲ ಒಂದೇ ಬಾರಿಗೆ ತುಳಿಯುತ್ತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಅವನ ಎಣಿಕೆ. ಪಾಪ, ಅವನಿನ್ನೂ ನಡುನೀರಿನಲ್ಲಿದ್ದ.

ಮಗ ಅಪ್ಪನ ಮಾತು ನಂಬಿದ. ಊರ ಕೆರೆಯ ಮಣ್ಣೇ ಕೆಟ್ಟಿತೆಂದು ದೂರದ ಕೆರೆಗಳಿಂದ ಹೊತ್ತು ತಂದ. ಆ ಮಣ್ಣೂ ಅಪ್ಪನ ಪಾಲಿಗೆ ನೆನೆಯಲಿಲ್ಲ.

ಕೆಲವು ವರ್ಷಗಳಲ್ಲಿ ಕುಂಬಾರನ ಮಂಡಿಗಳು ಸೊಟ್ಟಗಾದವು. ಒಂದು ಬೆಳಿಗ್ಗೆ ಮಣ್ಣಿನ ಗುಂಡಿಗೆ ಇಳಿದವನು ಮೇಲೆ ಬರಲಾರದೆ ಕುಸಿದ. ಮಗ ಅವನನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದ. ಆಗ ಎಲ್ಲವೂ ಹೊರಬಿತ್ತು. ವೈದ್ಯ ಬಂದು ನೋಡಿ, ನೋವು ತಗ್ಗಿಸಬಲ್ಲೆ, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಲಾರೆ ಎಂದ.

“ಅಪ್ಪಾ, ಮಣ್ಣು ಕೆಟ್ಟಿದೆ ಅಂತ ಕಂಡ ಕಂಡ ಕೆರೆಯನ್ನೆಲ್ಲ ಅಗೆದೆನಲ್ಲ!” ಎಂದ ಮಗ. “ಕಾಲು ನೋಯ್ತಿದೆ ಅಂತ ಒಂದು ಮಾತು ಅಂದಿದ್ದರೆ ನಾನೇ ತುಳೀತಿರಲಿಲ್ಲವೇ? ಯಜಮಾನಿಕೆ ಯಾರಿಗೆ ಬೇಕಿತ್ತಪ್ಪಾ?”

ಕುಂಬಾರ ಗಳಗಳ ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮರುದಿನ ಮಗ ತುಳಿದ ಮಣ್ಣು ಹದವಾಗಿಯೇ ಬಂತು. ಅದನ್ನು ನೋಡುತ್ತ ಕುಂಬಾರ ಉಳಿದ ಕಾಲವನ್ನು ಜಗಲಿಯ ಮೇಲೇ ಕಳೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಏನೋ ವಾದಿಸಲು ಬಾಯಿ ತೆರೆದ.

“ಅದಿರಲಿ,” ಎಂದರು ಗುರುಗಳು, “ನಿನ್ನ ಮಂಡಿ ಊದಿ ಎಷ್ಟು ದಿನವಾಯಿತು?”