ಹೆಣ್ಣಿನ ಕಡೆಯವರು

ಧನುರ್ಮಾಸ ಬಂತೆಂದರೆ ಫೋಟೋ ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕಾಲ. ಮುಹೂರ್ತವಿಲ್ಲ, ಮದುವೆಯಿಲ್ಲ. ಅಂಥ ದಿನಗಳಲ್ಲಿ ಅಡಿವೆಪ್ಪ ಮಾಸ್ತರು ಒಂದು ಮದುವೆ ಒಪ್ಪಿಕೊಂಡರೆಂದಾಗ ಶಿಷ್ಯ ಕಲ್ಮೇಶ ನಂಬಲಿಲ್ಲ.

“ಈ ತಿಂಗಳದಾಗ ಯಾರ ಮದುವಿ, ಮಾಸ್ತರ?”

“ಸರಕಾರಕ್ಕ ಧನುರ್ಮಾಸ ಇಲ್ಲೋ. ನೋಂದಣಿ ಕಚೇರ್ಯಾಗ.”

“ಎಷ್ಟು ಮಂದಿ ಬರ್ತಾರ?”

“ಇಬ್ಬರಂತೂ ಬರಾಕಬೇಕು.”

ಕಲ್ಮೇಶನ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಲ್ಯಾಣಮಂಟಪದಲ್ಲಿ ಮಂತ್ರ ನಿಲ್ಲಿಸಿ, ಕಟ್ಟಿದ ತಾಳಿಯನ್ನೇ ಇನ್ನೊಮ್ಮೆ ಕಟ್ಟಿಸಿ ಚಿತ್ರ ತೆಗೆದ ಗಂಡು. ಗಿರಾಕಿಗಳು ಅವನ ಹೆಸರು ಹಿಡಿದು ಕೇಳುತ್ತಿದ್ದರು. ಮಾಸ್ತರು ಏನೂ ಅನ್ನುತ್ತಿರಲಿಲ್ಲ. ಓಡುವ ಸರಕನ್ನು ಯಾರೂ ಕಪಾಟಿನಿಂದ ಇಳಿಸುವುದಿಲ್ಲ.

ಮರುದಿನ ಮುಂಜಾನೆ ಕಚೇರಿಯ ಮಹಡಿಯ ಮೇಲೆ ಮಂಜು ಇನ್ನೂ ಕಿಟಕಿಗೆ ಅಂಟಿಕೊಂಡಿತ್ತು. ವರ ಜಯರಾಜ ಅಂಗೈಗೆ ಉಸಿರೂದುತ್ತ ನಿಂತಿದ್ದ. ವಧು ದಾನೇಶ್ವರಿ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿದ್ದಳು. ಅವಳೇ ಮುಂದೆ ಬಂದು ಮಾತಿಗೆ ನಿಂತಳು.

“ನನಗ ಒಂದ ಫೋಟೋ ಬೇಕು. ನಾ ಸಹಿ ಮಾಡೂದು. ನನ್ನ ಕೈ ಯಾರೂ ಹಿಡಿದಿರಬಾರದು, ಬಾಜೂಕ ಯಾರೂ ಇರಬಾರದು.”

“ಅದ್ಯಾಕ?” ಎಂದ ಕಲ್ಮೇಶ.

“ನಮ್ಮ ಸೋದರಮಾವ ನನ್ನ ತನ್ನ ಮಗಗ ತಂದುಕೋಬೇಕಂತಿದ್ದ. ಈಗ ಊರತುಂಬ ಹೇಳಿಕೋತ ಹೊಂಟಾನ, ಇವರು ನನ್ನ ಕೈ ಹಿಡದು ಎಳಕೊಂಡ ಬಂದು ಸಹಿ ಮಾಡಸ್ತಾರಂತ. ನಮ್ಮವ್ವ ಅದನ್ನ ನಂಬ್ಯಾಳ. ಆಕಿಗೆ ತೋರಸಾಕ ಬೇಕು.”

“ಉಳಿದ ಫೋಟೋ?”

“ಉಳಿದದ್ದು ನಿಮ್ಮ ಖುಷಿ.”

ಮಾಸ್ತರು ಇದ್ದ ಒಂದು ಕ್ಯಾಮೆರಾವನ್ನು ಕಲ್ಮೇಶನ ಕೊರಳಿಗೆ ಹಾಕಿದರು.

“ಗಿರಾಕಿ ಏನ ಕೇಳಿದ್ಳು?”

“ಸಹಿ.”

“ಅಷ್ಟ ನೆನಪಿಡು.”

ಸಾಕ್ಷಿಗೆ ಮೂವರು ಬೇಕು. ಜಯರಾಜನ ಗೆಳೆಯರಿಬ್ಬರು ಬಂದಿದ್ದರು. ಮೂರನೆಯವಳು ದಾನೇಶ್ವರಿಯ ಗೆಳತಿ. ಅವಳ ಬದಲು ಅವಳ ಫೋನು ಬಂತು. ಗೇಟಿನ ತನಕ ಬಂದಿದ್ದಳಂತೆ. ಅಲ್ಲಿ ಸೋದರಮಾವ ಅಡ್ಡಗಟ್ಟಿ, ಒಳಗೆ ಕಾಲಿಟ್ಟರೆ ನಿಮ್ಮಪ್ಪನ ಮನೆಗೇ ಬರುತ್ತೇನೆ ಎಂದು ಗದರಿಸಿದನಂತೆ. ಹುಡುಗಿ ಅಳುತ್ತ ತಿರುಗಿ ಹೋಗಿದ್ದಳು.

ಕಲ್ಮೇಶ ಕಿಟಕಿಯಿಂದ ಬಗ್ಗಿ ನೋಡಿದ. ರಸ್ತೆಯಾಚೆ ಚಹಾದಂಗಡಿಯ ಮುಂದೆ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಆ ಸೋದರಮಾವ ಸಂಗನಗೌಡ ನಿಂತಿದ್ದ. ಕಲ್ಮೇಶನಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು.

“ಮಾಸ್ತರ, ಇಂವನ ಮೋತಿ ಫೋಟೋದಾಗ ತಕ್ಕೊಂಡ ಬರ್ತೀನಿ. ಇಂಥಾವರನ್ನ ಜನ ನೋಡಬೇಕು.”

“ಸಹಿಗೆ ಇನ್ನೇನ ಕರೀತಾರೋ.”

ಮಾತು ಮುಗಿಯುವಷ್ಟರಲ್ಲಿ ಕಲ್ಮೇಶ ಮೆಟ್ಟಿಲಿಳಿದಿದ್ದ.

“ಏ ಫೋಟೋದಾವ,” ಎಂದ ಸಂಗನಗೌಡ, “ಧನುರ್ಮಾಸದಾಗ ಕೂಳಿಗೆ ಗತಿ ಇಲ್ಲದ ಇಲ್ಲಿ ಬಂದಿಯೇನ?”

“ನಿಮಗ ಮನ್ಯಾಗ ಕೆಲಸ ಇಲ್ಲೇನ್ರಿ? ಹೆಣ್ಣಮಕ್ಕಳನ್ನ ಹೆದರಸಕೋತ ನಿಂತೀರಿ?”

“ತಗೀ, ತಗೀ. ಈ ಬಾಜೂದಿಂದ ತಗೀ. ಮೀಸಿ ಛಲೋ ಕಾಣ್ತಾವ.”

ಕಲ್ಮೇಶ ತೆಗೆದ. ಎದುರಿಂದ ತೆಗೆದ, ಪಕ್ಕದಿಂದ ತೆಗೆದ. ಗೌಡ ಬೆರಳು ತೋರಿಸಿದ್ದು, ಉಗುಳಿದ್ದು, ನಕ್ಕಿದ್ದು, ಯಾವುದನ್ನೂ ಬಿಡಲಿಲ್ಲ. ಅಷ್ಟು ಸಿಟ್ಟಿನಲ್ಲೂ ಒಂದು ಚಿತ್ರವೂ ಅಲುಗಾಡಲಿಲ್ಲ.

ಗೆದ್ದವನ ಹಾಗೆ ಮೇಲೆ ಬಂದಾಗ ದಾನೇಶ್ವರಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಳು. ವಧೂವರರ ಸಹಿ ಮುಗಿದಿತ್ತು. ಇಬ್ಬರು ಸಾಕ್ಷಿಗಳದೂ ಮುಗಿದಿತ್ತು.

“ಎಲ್ಲಿದ್ರಿ ನೀವು?” ಎಂದಳು.

“ನಿಮ್ಮ ಸಲುವಾಗೆ ಜಗಳಾ ಮಾಡಾಕ ಹೋಗಿದ್ದೆ.”

“ನಾ ಜಗಳಾ ಕೇಳಿದ್ನೇನು?”

ಕಲ್ಮೇಶ ಪೆಚ್ಚಾದ. ಆದರೂ ಕಸುಬಿನ ಉಪಾಯ ಕೈಯಲ್ಲೇ ಇತ್ತು. ಮೇಜಿನ ಮೇಲೊಂದು ಖಾಲಿ ಹಾಳೆ ಇಟ್ಟ.

“ಇದರ ಮ್ಯಾಲೆ ಪೆನ್ನ ಹಿಡದ ಕುಂದರ್ರಿ. ಫೋಟೋದಾಗ ಗೊತ್ತಾಗೂದಿಲ್ಲ.”

ದಾನೇಶ್ವರಿಯ ಮುಖ ಕೆಂಪೇರಿತು. “ನಮ್ಮ ಮಾವ ಇದೆಲ್ಲಾ ನಾಟಕ ಅಂತಾನ. ನೀವು ನಾಟಕಾನ ಮಾಡಸ್ತೀರಲ್ಲ.”

ಅಷ್ಟರಲ್ಲಿ ಅಧಿಕಾರಿ ಕುರ್ಚಿ ಹಿಂದೆ ಸರಿಸಿದರು. “ಮೂರನೇ ಸಾಕ್ಷಿ ಎಲ್ಲ್ರಿ? ಇಲ್ಲಂದ್ರ ಇವತ್ತು ಆಗೂದಿಲ್ಲ. ಇನ್ನೊಂದ ದಿನ ಬರ್ರಿ.”

ಇನ್ನೊಂದು ದಿನ ಎಂದರೆ ಗೇಟಿನಲ್ಲಿ ಒಬ್ಬನಲ್ಲ, ಊರೇ ನಿಂತಿರುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನಾ ಮಾಡ್ತೀನಿ ಸಹಿ,” ಎಂದು ಕಲ್ಮೇಶ ಪೆನ್ನಿಗೆ ಕೈ ಹಾಕಿದ.

ಮಾಸ್ತರು ಅವನ ಮಣಿಕಟ್ಟು ಹಿಡಿದರು.

“ನೀ ಏನ ನೋಡಿದಿ?”

“ಅಂದ್ರ?”

“ಈಕಿ ತನ್ನ ಕೈಲೆ ಸಹಿ ಮಾಡಿದ್ದ ನೋಡಿಯೇನು?”

ಕಲ್ಮೇಶ ಪೆನ್ನಿನಿಂದ ಕೈ ತೆಗೆದ.

“ನೋಡದ್ದಕ್ಕ ಸಾಕ್ಷಿ ಹೇಳಾವ ಹೊರಗ ಒಬ್ಬ ನಿಂತಾನ. ಒಳಗ ಇನ್ನೊಬ್ಬ ಬ್ಯಾಡ.”

ಮಾಸ್ತರು ಚಾಳೀಸಿನ ಕನ್ನಡಕ ಏರಿಸಿ, ಮರಗಟ್ಟಿದ ಬೆರಳು ಎರಡು ಸಲ ಮಡಿಸಿ ಬಿಡಿಸಿ, ತಾವೇ ಸಹಿ ಹಾಕಿದರು. ಮದುವೆ ಆಯಿತು.

ಕಲ್ಮೇಶನ ಕಿವಿ ಆ ಚಳಿಯಲ್ಲೂ ಸುಡುತ್ತಿತ್ತು. ಮಾಸ್ತರ ಮೇಲೆ ಸಿಟ್ಟು, ಗೌಡನ ಮೇಲೆ ಸಿಟ್ಟು, ತನ್ನ ಮೇಲೂ ಸಿಟ್ಟು. ತಲೆ ಎತ್ತಿದಾಗ ದಾನೇಶ್ವರಿ ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಸಹಿಯ ಜೊತೆಗೆ ಹೆಬ್ಬೆಟ್ಟಿನ ಗುರುತು ಒತ್ತಿದ ಶಾಯಿ ಇನ್ನೂ ಹಸಿಯಿತ್ತು. ಸೀರೆಗೆ ತಾಗದಂತೆ ಬೆರಳನ್ನು ಮೇಲೆತ್ತಿ ಹಿಡಿದು, ಅದನ್ನೇ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಜಯರಾಜ ದೂರದಲ್ಲಿ ಗೆಳೆಯರ ಜೊತೆಗಿದ್ದ.

ಕಲ್ಮೇಶ ‘ಇತ್ತ ನೋಡ್ರಿ’ ಅನ್ನಲಿಲ್ಲ. ಒಂದೇ ಸಲ ಒತ್ತಿದ.

ಅವಳು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ನಾ ಕೇಳಿದ್ದು ಇದಲ್ಲ,” ಎಂದಳು. ಮತ್ತೆ ನೋಡಿದಳು. “ಆದ್ರ ಅವ್ವಗ ಇದನ್ನ ಕೊಡ್ತೀನಿ. ಎಳಕೊಂಡ ಬಂದವರ ಮೋತಿ ಹಿಂಗಿರೂದಿಲ್ಲ.”

ಸಂಜೆ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಪರದೆಯ ತುಂಬ ಸಂಗನಗೌಡನೇ. ಕಲ್ಮೇಶನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇವನ್ನೆಲ್ಲಾ ಅಳಸ್ತೀನಿ ಮಾಸ್ತರ. ಇಂಥಾ ಮನಷ್ಯಾನ ಮೋತಿ ನಮ್ಮ ಅಂಗಡ್ಯಾಗ ಯಾಕ?”

ಮಾಸ್ತರು ಬಗ್ಗಿ ನೋಡಿದರು. ಒಂದು ಚಿತ್ರದಲ್ಲಿ ಗೌಡ ಕ್ಯಾಮೆರಾ ಮರೆತಿದ್ದ. ಕೈಯಲ್ಲಿ ಆರಿದ ಚಹಾ. ಕಣ್ಣು ಮೇಲೆ, ಕಚೇರಿಯ ಕಿಟಕಿಯ ಕಡೆ.

“ಇದೊಂದನ್ನ ಇಡು. ಆ ಹುಡುಗಿ ಬಂದಾಗ ತೋರಸು. ಬೇಕು ಬ್ಯಾಡ ಆಕಿ ಹೇಳ್ತಾಳ.”

“ಮದುವಿ ಕೆಡಸಾಕ ಬಂದಾವನ್ನ? ಏನಂತ ಹೇಳಿ ತೋರಸ್ಲಿ?”

ಮಾಸ್ತರು ಅಂಗಡಿಯ ಬಾಗಿಲು ಎಳೆಯಲು ಎದ್ದರು.

“ಹೆಣ್ಣಿನ ಕಡಿಯವರು ಅನ್ನು. ಬಂದಾವ ಆತ ಒಬ್ಬನ.”